ಹದಿನಾಲ್ಕನೆಯ ದಿನ

ಟಾರು ಮುಗಿದ ಮೇಲೆ ನಲವತ್ತು ಮೈಲಿ ಜಲ್ಲಿ,
ಜಲ್ಲಿ ಮುಗಿದ ಮೇಲೆ ಬರೀ ನಂಬಿಕೆ.
ಎರಡು ಗಾಲಿಯ ಗುರುತು, ನಡುವಿನ ಸೇಜ್ ಪೊದೆ
ಗಾಡಿಯ ಹೊಟ್ಟೆ ಕೆರೆಯುತ್ತ ಬಂತು.

ಬೋರ್ಡು ಇದೆ: ಸರ್ಕಾರಿ ಜಮೀನು, ಎಲ್ಲರಿಗೂ ಸೇರಿದ್ದು.
ಆ ಎಲ್ಲರಲ್ಲಿ ಯಾರೋ ಒಬ್ಬ ಅದಕ್ಕೆ ಗುಂಡು ಹೊಡೆದಿದ್ದಾನೆ.
ಏಳು ತೂತು. ತೂತಿನಲ್ಲೆಲ್ಲ ಆಕಾಶ.

ನೆವಾಡಾದ ಈ ಮೂಲೆಯಲ್ಲಿ
ಬರುವವರು ಅರ್ಧ ತಾಸು ಮೊದಲೇ ಕಾಣುತ್ತಾರೆ,
ಧೂಳಾಗಿ.
ಹಾಗಾಗಿ ಓರಿನ್ ನನ್ನ ಪಾಲಿನ ಕಾಫಿಯನ್ನೂ ಇಟ್ಟಿದ್ದ.
"ಗಣಿಯವನೋ?" ಅಂದ, ಬೂಟು ನೋಡಿ.
ಹೌದು. ನಾಲ್ಕು ದಿನ ಕೆಲಸ, ನಾಲ್ಕು ದಿನ ರಜೆ,
ಬೆಟ್ಟದ ಪುಡಿ ಹೊರುವ ಲಾರಿ ನನ್ನದು.
ಇನ್ನೂ ಪುಡಿಯಾಗದ್ದೊಂದನ್ನು ನೋಡೋಣವೆಂದು ಬಂದೆ.
ಇದನ್ನು ಅವನಿಗೆ ಹೇಳಲಿಲ್ಲ.

ಅವನ ಸಂಸಾರ: ಒಂದು ವ್ಯಾನು, ಒಂಟಿ ಕಿವಿಯ ನಾಯಿ,
ಗಾಜಿಗೆ ಅಂಟಿಸಿದ ಕ್ಯಾಲೆಂಡರು.
ಇಲ್ಲಿ ಯಾರೂ ಬಾಡಿಗೆ ಕೇಳುವುದಿಲ್ಲ,
ಆದರೆ ಹದಿನಾಲ್ಕು ದಿನವಾದರೆ ಎದ್ದು ಹೋಗಬೇಕು,
ಇಪ್ಪತ್ತೈದು ಮೈಲಿ ಆಚೆಗೆ. ಕಾನೂನು.
"ಎಂಟು ವರ್ಷವಾಯಿತು," ಅಂದ,
"ಹದಿನಾಲ್ಕು ಹದಿನಾಲ್ಕಾಗಿ."
ಅಂದು ಹದಿಮೂರು.

ಗುಹೆ ಇನ್ನೂ ಮೇಲೆ.
ಸುಣ್ಣಕಲ್ಲಿನ ಗೋಡೆಯಲ್ಲಿ
ಆಕಳಿಕೆ ಅರ್ಧಕ್ಕೇ ನಿಂತಂಥ ಬಾಯಿ.
ಅದಕ್ಕೆ ಕಬ್ಬಿಣದ ಸರಳು,
ಬಾವಲಿ ತೂರುವಷ್ಟು ಸಂದು, ಮನುಷ್ಯ ತೂರದಷ್ಟು.
ಕೈಯಿಟ್ಟೆ. ಒಳಗಿಂದ ಗಾಳಿ,
ಜುಲೈ ಮಧ್ಯಾಹ್ನದಲ್ಲಿ ಯಾವುದೋ ಜನವರಿಯದು,
ಹಳೇ ಕಾಗದ, ಇಲಿಯ ಉಚ್ಚೆ, ಒದ್ದೆ ನಾಣ್ಯದ ವಾಸನೆ.
ತಗಡಿನ ಪೆಟ್ಟಿಗೆಯಲ್ಲಿ ನೋಟುಪುಸ್ತಕ, ಮೊಂಡ ಪೆನ್ಸಿಲು:
ಬಂದವರು ಹೆಸರು ಬರೆಯಬೇಕು.
ಒಬ್ಬಳು ಬರೆದಿದ್ದಾಳೆ,
'ದಾರಿ ತಪ್ಪಿ ಬಂದೆ. ಚೆನ್ನಾಗಿದೆ.'
ನಾನು ತಾರೀಖು ಮಾತ್ರ ಬರೆದೆ.

ಸಂಜೆ ಇನ್ನೊಂದು ಧೂಳು.
ವೆಲ್ಡಾ, ಶೋಶೋನಿ ಹೆಂಗಸು,
ಬಾವಲಿ ಎಣಿಸುವ ಕೆಲಸದವಳು.
ಮಡಿಸುವ ಕುರ್ಚಿ, ಎರಡು ಕೈಗೆ ಎರಡು ಕ್ಲಿಕ್ಕರು:
ಬಲದ್ದು ಹೋದವಕ್ಕೆ, ಎಡದ್ದು ಮನಸ್ಸು ಬದಲಿಸಿದವಕ್ಕೆ.
ಹನ್ನೊಂದು ಬೇಸಿಗೆ ಎಣಿಸಿದ್ದಾಳೆ,
ಒಳಗೆ ಒಮ್ಮೆಯೂ ಹೋಗಿಲ್ಲ.
ಬೀಗದ ಕೈ ಸೊಂಟದಲ್ಲೇ ಇದೆ.
"ಅಜ್ಜಿ ಬೇಡ ಅಂದಿದ್ದಳು."
ಯಾಕಂತೆ?
"ನಾನು ಕೇಳಲಿಲ್ಲ. ಕೇಳಿದ್ದರೆ
ಅವಳು ಕಾರಣ ಹೇಳುತ್ತಿದ್ದಳು,
ನಾನು ವಾದಕ್ಕೆ ಕೂರುತ್ತಿದ್ದೆ."

ಬೆಳಕು ಕುಂದಿತು. ಮೊದಲು ಒಂದೇ ಒಂದು
ಹೊರಬಂದು ತಿರುಗಿ ಒಳಹೋಯಿತು,
ಕನ್ನಡಕ ಮರೆತವರ ಹಾಗೆ.
ಆಮೇಲೆ ಒಟ್ಟಿಗೇ,
ಹರಿದ ಚೀಲದಿಂದ ಎಳ್ಳು ಸುರಿದಂತೆ,
ಸುರಿದದ್ದು ಮಾತ್ರ ಮೇಲಕ್ಕೆ.
ನಾಯಿ ಕೂಡ ಉಸಿರು ಸಣ್ಣಗೆ ಮಾಡಿತು.
ನಾನೂರ ಆರು.
ಹೋದ ವರ್ಷ ಎಷ್ಟಿತ್ತು ಅಂದೆ.
ಅವಳು ಫಾರಂ ಮಡಿಸಿದಳು.
"ಬೆಳಗ್ಗೆ ವಾಪಸು ಬರುವುದನ್ನು ಎಣಿಸುವುದಿಲ್ಲವೆ?"
"ಅದಕ್ಕೆ ಇದರಲ್ಲಿ ಕಾಲಂ ಇಲ್ಲ."

ಬೆಂಕಿ ಹಚ್ಚುವಂತಿಲ್ಲ, ಹೊಗೆ ಗುಹೆಗೆ ಹೋಗುತ್ತದೆ.
ಡಬ್ಬಿಯ ಬೀನ್ಸು ತಣ್ಣಗೇ ತಿಂದೆವು.
ನಕ್ಷತ್ರಗಳ ಸುದ್ದಿ ನಾನು ಎತ್ತುವುದಿಲ್ಲ,
ಅಷ್ಟು ಇದ್ದವು.
ದಿಗಂತದಲ್ಲಿ ಒಂದು ಹಳದಿ ಕಲೆ:
ನಮ್ಮ ಗಣಿ, ರಾತ್ರಿ ಪಾಳಿ.
ಅದೇನೆಂದು ಯಾರೂ ಕೇಳಲಿಲ್ಲ.
ಅದಕ್ಕೆ ಬೆನ್ನು ಹಾಕಿ ಮಲಗಿದೆ.

ನಸುಕಿನಲ್ಲಿ ಎಚ್ಚರವಾದಾಗ
ವೆಲ್ಡಾ ಹೊರಟುಹೋಗಿದ್ದಳು.
ಓರಿನ್ ತಲೆಯೆತ್ತಿ ನಿಂತು
ವ್ಯಾನಿನ ಮಗ್ಗುಲ ಧೂಳಿನ ಮೇಲೆ
ಬೆರಳಲ್ಲಿ ಗೀರು ಎಳೆಯುತ್ತಿದ್ದ,
ಐದಕ್ಕೊಂದು ಅಡ್ಡಗೀರು,
ಬಾಗಿಲಿಂದ ಹಿಂದಿನ ಗಾಲಿಯವರೆಗೆ.

ಎಷ್ಟು ಬಂದವು?

"ಎಲ್ಲ ಅಲ್ಲ," ಅಂದ.
"ಇನ್ನೂ ಪೂರ್ತಿ ಬೆಳಗಾಗಿಲ್ಲವಲ್ಲ."

ಬಿಸಿಲೇರಿದ ಮೇಲೆ ನಾಯಿ ಹತ್ತಿತು, ಅವನು ಹತ್ತಿದ,
ಉಳಿದ ಅರ್ಧ ಕ್ಯಾನು ನೀರನ್ನು ನನ್ನ ಕಡೆ ದೂಡಿದ.
ಗೀರುಗಳ ಸಮೇತ ವ್ಯಾನು
ಇಳಿಜಾರಿನಲ್ಲಿ ಮರೆಯಾಯಿತು.
ಆಮೇಲೂ ಅರ್ಧ ತಾಸು
ಕಾಣುತ್ತಲೇ ಇದ್ದ.